ಮುಗಿಲಿನ ಸಪ್ಪಳ

ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಕಾಲವನ್ನು ಇಸವಿಯಿಂದ ಎಣಿಸುವುದು ಅಪರೂಪ. "ದೊಡ್ಡ ಬರದಾಗ", "ರಜಾಕಾರ ಗದ್ದಲದಾಗ" ಎಂದೇ ಅವರ ಲೆಕ್ಕ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಮನೆಗಳಲ್ಲಿ ಆ ಗದ್ದಲದ ಮಾತು ಬಂದರೆ ಕೆಲವೊಮ್ಮೆ ವಿಮಾನದ ಮಾತೂ ಬರುತ್ತದೆ. "ಮುಗಿಲಾಗ ಗುಂಯ್ ಅಂದ್ರ ಸಾಕು, ಕೂಸಿನ್ನ ಎತ್ತಿಕೊಂಡು ಒಳಗ ಓಡತಿದ್ವಿ" ಎಂದು ನಮ್ಮ ಮನೆಯ ಹಿರಿಯರೊಬ್ಬರು ಹೇಳುತ್ತಿದ್ದರು. ಇತಿಹಾಸದ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರಿದೆ, ಶರಣಾಗತಿಯ ತಾರೀಖಿದೆ; ಈ ಸಪ್ಪಳ ಇಲ್ಲ.

ಆಗ ಈ ನಾಲ್ಕೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1947ರ ಆಗಸ್ಟ್ 15ರಂದು ಗಡಿಯಾಚೆ ಬಾವುಟ ಏರಿತು, ಈಚೆ ಏರಲಿಲ್ಲ. ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಮನೆತನಗಳು ಗಂಟುಮೂಟೆ ಕಟ್ಟಿ ಗಡಿ ದಾಟಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ನಡೆಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ಹೊಕ್ಕಿತು. ಹೊಸಪೇಟೆಯ ಕಡೆ ತುಂಗಭದ್ರೆಯ ಸೇತುವೆಯನ್ನು ಹಿಡಿಯಿತು. ಸೈನ್ಯಕ್ಕೆ ಮೇಲಿನಿಂದ ಬೆಂಬಲವಾಗಿ ಹಾರಿದ ಯುದ್ಧವಿಮಾನ ಟೆಂಪೆಸ್ಟ್.

ಬ್ರಿಟನ್ನಿನಲ್ಲಿ ತಯಾರಾದ ಈ ವಿಮಾನದ ಮೂತಿಯಲ್ಲಿ ಸೆಂಟಾರಸ್ ಎಂಬ ರೇಡಿಯಲ್ ಎಂಜಿನ್ ಇತ್ತು. ಬಂಡಿಗಾಲಿಯ ನಡುವಿನಿಂದ ಸುತ್ತಲೂ ಅರೆಕಾಲುಗಳು ಹೊರಟಂತೆ ಅದರ ಸಿಲಿಂಡರುಗಳು. ಒಂಬತ್ತರ ಹಿಂದೆ ಒಂಬತ್ತು, ಒಟ್ಟು 18. ಸಿಲಿಂಡರುಗಳನ್ನು ತಂಪು ಮಾಡಲು ನೀರು ಬೇಡ, ಎದುರುಗಾಳಿಯೇ ಸಾಕು. ನೀರಿನ ಕೊಳವೆಯೇ ಇಲ್ಲವೆಂದಮೇಲೆ ಗುಂಡು ಬಡಿದು ನೀರು ಸೋರಿಹೋಗುವ ಭಯವೂ ಇಲ್ಲ. ಇಂಥ ಎಂಜಿನ್ನು ಕನ್ನಡನಾಡಿಗೆ ಹೊಸದೂ ಆಗಿರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಿಸಿದ ಹಾಕ್ ಯುದ್ಧವಿಮಾನ 1942ರ ಜುಲೈನಲ್ಲೇ ಹಾರಿತ್ತು. ಅದರದು ಒಂಬತ್ತು ಸಿಲಿಂಡರಿನ ಸೈಕ್ಲೋನ್ ಎಂಜಿನ್.

ಒಂದೇ ಒರಳಿಗೆ ಮೂವರು ನಿಂತು ಒನಕೆ ಹಾಕುವುದನ್ನು ನೋಡಿದವರಿಗೆ ಇದರ ಸದ್ದಿನ ಗುಟ್ಟು ತಿಳಿಯುತ್ತದೆ. ಒಬ್ಬರ ಏಟು ಇನ್ನೊಬ್ಬರದಕ್ಕೆ ತಾಗಬಾರದು, ನಡುವೆ ಖಾಲಿಯೂ ಬೀಳಬಾರದು. ಸಿಲಿಂಡರುಗಳು ಹಾಗೆಯೇ ಒಂದನ್ನು ಬಿಟ್ಟು ಒಂದು ಸರದಿಯಂತೆ ಸಿಡಿಯುತ್ತವೆ; ಅದಕ್ಕೇ ಒಂದು ಸುತ್ತಿನಲ್ಲಿ ಬೆಸ ಸಂಖ್ಯೆ ಬೇಕು. ಶುರುವಾಗುವಾಗ ಕೆಮ್ಮಿ, ಹೊಗೆ ಉಗುಳಿ, ಬಿಡಿಬಿಡಿಯಾಗಿ ಬಡಿಯುತ್ತದೆ. ಪೂರ್ಣ ವೇಗದಲ್ಲಿ ಸೆಂಟಾರಸ್‌ನದು ಸೆಕೆಂಡಿಗೆ 400ರಷ್ಟು ಸಿಡಿತ. ಕಿವಿಗೆ ಬಿಡಿ ಏಟು ಎಲ್ಲಿಯದು? ಎಲ್ಲ ಕೂಡಿ ಗುಂಯ್ ಎನ್ನುವ ಒಂದೇ ನಾದವಾಗುತ್ತದೆ.

ಹಾರಿಸುವವನಿಗೂ ಇದು ಸಾಧು ಯಂತ್ರವಲ್ಲ. ನೆಲದ ಮೇಲಿದ್ದಾಗ ಮೂತಿ ಮೇಲೆದ್ದು ಮುಂದಿನ ದಾರಿ ಕಾಣದು. ಹಾವಿನಂತೆ ಹೊರಳುತ್ತಾ ಸಾಗಬೇಕು. ಸುಮಾರು 2,500 ಅಶ್ವಶಕ್ತಿ ಒಮ್ಮೆಲೇ ಬಿಟ್ಟರೆ ನೊಗಕ್ಕೆ ಹೊಸ ಹೋರಿ ಹೂಡಿದಂತೆ ಒಂದು ಬದಿಗೆ ಎಳೆಯುತ್ತದೆ. ಕಾಲಿನಿಂದ ಒತ್ತಿ ಹಿಡಿಯಬೇಕು. ಮೇಲೇರಿದ ಮೇಲೆ ಗಂಟೆಗೆ 700 ಕಿಲೋಮೀಟರಿನಷ್ಟು ಓಟ. ಬಂಡಿಯಲ್ಲಿ ದಿನವಿಡೀ ಹಿಡಿಯುವ ಕೊಪ್ಪಳ-ಗಂಗಾವತಿಯ ದಾರಿ ಅದಕ್ಕೆ ನಾಲ್ಕು ನಿಮಿಷದ್ದು.

ಸೆಪ್ಟೆಂಬರ್ 17ಕ್ಕೆ ನಿಜಾಮರು ಕದನ ನಿಲ್ಲಿಸಿದರು. ಗಡಿ ದಾಟಿ ಹೋದವರು ಮನೆಗೆ ಮರಳಿದರು. ಅವರಿಗೆ ಆ ಸಪ್ಪಳ ಬಿಡುಗಡೆಯ ಸುದ್ದಿ. ಆದರೆ ಬೀದರ, ಕಲಬುರ್ಗಿ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಂ ಮನೆಗಳ ಮೇಲೆ ಬಂದೆರಗಿದ ಸಂಕಟವೂ ಆ ದಿನಗಳದೇ. ಪಂಡಿತ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ ಸತ್ತವರನ್ನು 27 ಸಾವಿರಕ್ಕೆ ಕಡಿಮೆ ಇಲ್ಲವೆಂದು ಅಂದಾಜು ಮಾಡಿತು. ಆ ಮನೆಗಳ ಹೆಣ್ಣುಮಕ್ಕಳನ್ನು ಕೇಳಿದ್ದರೆ ಗದ್ದಲದ ಕಥೆ ಬೇರೆಯೇ ಇರುತ್ತಿತ್ತು. ಎರಡನ್ನೂ ಕೇಳದೆ ಆ ವರ್ಷವನ್ನು ಅರಿತೆವೆನ್ನುವುದು ಹೇಗೆ?

ದಿಲ್ಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ಒಂದು ಟೆಂಪೆಸ್ಟ್ ಇದೆ, ಸದ್ದಿಲ್ಲದೆ ನಿಂತಿದೆ. ಯಂತ್ರವನ್ನು ಒರೆಸಿ ಕಾಪಾಡುವವರಿದ್ದಾರೆ. ಅದರ ಸಪ್ಪಳ ಕೇಳಿ ಕದ ಹಾಕಿಕೊಂಡವರ ನೆನಪಿಗೆ ಅಂಥ ಸಂಗ್ರಹಾಲಯವಿಲ್ಲ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಓಣಿಯಲ್ಲಿ ಅಂಥ ಅಮ್ಮ, ಅಜ್ಜಿ, ನಾನಿ ಇದ್ದರೆ ಮಧ್ಯಾಹ್ನ ಒಂದು ತಾಸು ಹತ್ತಿರ ಕುಳಿತು ಕೇಳಿ, ಬರೆದಿಡಿ.