ಗರುಡಾಚಾರ್, ಬಿ.ಕೆ.

ಬಿ.ಕೆ. ಗರುಡಾಚಾರ್ (1917–2016) ಮೈಸೂರು ಸಂಸ್ಥಾನದ ತಂಡದ ಲೆಗ್ ಸ್ಪಿನ್ನರ್, ಬ್ಯಾಟಿಂಗಿನಲ್ಲೂ ಪಳಗಿದ ಆಲ್‌ರೌಂಡರ್. ಸಂಯುಕ್ತ ಪ್ರಾಂತ ಮತ್ತು ಮುಂಬಯಿ ತಂಡಗಳಿಗೂ ಆಡಿದವರು. 27 ಪ್ರಥಮ ದರ್ಜೆ ಪಂದ್ಯಗಳಲ್ಲಿ 100 ವಿಕೆಟ್ ಕಿತ್ತರೂ ಟೆಸ್ಟ್ ಆಡುವ ಯೋಗ ಬರಲಿಲ್ಲ.

ಬೌಲರನಿಗೆ ಒಳ್ಳೆಯ ಪ್ರಾಯವೆನ್ನುವ ವರ್ಷಗಳು ಅವರಿಗೆ ಎರಡನೆಯ ಮಹಾಯುದ್ಧದಲ್ಲೇ ಕಳೆದವು. ಇಂಗ್ಲೆಂಡಿನಲ್ಲಿ ಕೌಂಟಿ ಚಾಂಪಿಯನ್‌ಷಿಪ್ ನಿಂತುಹೋಯಿತು. ಯಾರ್ಕ್‌ಷೈರಿನ ಎಡಗೈ ಸ್ಪಿನ್ನರ್ ಹೆಡ್ಲಿ ವೆರಿಟಿ ಯುದ್ಧದಲ್ಲಿ ಗಾಯಗೊಂಡು 1943ರಲ್ಲಿ ಇಟಲಿಯಲ್ಲಿ ತೀರಿಕೊಂಡರು. ಅಮೆರಿಕದ ಹೆಸರಾಂತ ಬೇಸ್‌ಬಾಲ್ ಪಿಚರ್ ಬಾಬ್ ಫೆಲರ್ ಚೆಂಡು ಬಿಟ್ಟು ನೌಕಾಪಡೆ ಸೇರಿದರು. ಭಾರತದಲ್ಲಿ ಮಾತ್ರ ರಣಜಿ ಟ್ರೋಫಿ ಒಂದು ವರ್ಷವೂ ತಪ್ಪಲಿಲ್ಲ. ಮೈಸೂರು 1941–42ರಲ್ಲಿ ಫೈನಲ್‌ವರೆಗೂ ಹೋಗಿ, ಮುಂಬಯಿ ಎದುರು ಮೊದಲ ಇನಿಂಗ್ಸಿನಲ್ಲಿ 68ಕ್ಕೆ ಉದುರಿತು.

ಆಟ ನಡೆಯಿತೆಂದರೆ ಬೌಲರುಗಳಿಗೆ ಸುಖವಿತ್ತೆಂದಲ್ಲ. ಪಿಚ್‌ಗಳು ಬ್ಯಾಟುಗಾರರ ಪಾಲಿನ ಹಬ್ಬ. ವಿಜಯ್ ಮರ್ಚೆಂಟ್ 1943–44ರಲ್ಲಿ ಅಜೇಯ 359 ಬಾರಿಸಿದರು. 1944–45ರ ಫೈನಲ್‌ನಲ್ಲಿ ಹೋಳ್ಕರ್ ತಂಡದ ಸಿ.ಎಸ್. ನಾಯುಡು ಒಂದೇ ಪಂದ್ಯದಲ್ಲಿ 917 ಎಸೆತ ಹಾಕಿ 428 ರನ್ ತೆತ್ತರು.

ಮುಂದಿನ ಸರದಿ ಗರುಡಾಚಾರ್ ಅವರದು. 1945–46ರ ಸೆಮಿಫೈನಲ್, ಇಂದೋರ್, ಎದುರಾಳಿ ಅದೇ ಹೋಳ್ಕರ್. ಭಂಡಾರ್ಕರ್, ಸರ್ವಟೆ, ಜಗದಾಳೆ, ಸಿ.ಕೆ. ನಾಯುಡು, ನಿಂಬಾಳ್ಕರ್, ಪ್ರತಾಪ್ ಸಿಂಗ್ ಎಂದು ಆರು ಮಂದಿ ಶತಕ ಹೊಡೆದರು. ನಾಯಕ ಸಿ.ಕೆ. ನಾಯುಡು ಅವರಿಗೆ ಆಗ ಐವತ್ತು ವರ್ಷ! 8 ವಿಕೆಟ್‌ಗೆ 912 ಆದಮೇಲೆ ಡಿಕ್ಲೇರ್ ಮಾಡಿದರು. ಗರುಡಾಚಾರ್ ಲೆಕ್ಕ: 69 ಓವರ್, 301 ರನ್, 4 ವಿಕೆಟ್. ದಾಖಲೆ ಪುಸ್ತಕಗಳು ಆ 301ನ್ನೇ ಎತ್ತಿ ತೋರಿಸುತ್ತವೆ. ಬಿದ್ದ ಎಂಟು ವಿಕೆಟ್‌ಗಳಲ್ಲಿ ಅರ್ಧ ಅವರದೇ ಎಂಬುದನ್ನು ನೋಡುವವರು ಕಡಿಮೆ.

ಮೈಸೂರು ಮೊದಲು 190ಕ್ಕೆ ಕುಸಿಯಿತು. ಎರಡನೆಯ ಸಲ ಅಷ್ಟು ಹೊತ್ತು ಬೌಲ್ ಮಾಡಿದ್ದ ಇದೇ ಮನುಷ್ಯ ಬ್ಯಾಟ್ ಹಿಡಿದು 164 ಗಳಿಸಿದರು, ತಂಡ 509ರವರೆಗೆ ಹೋಯಿತು. ಎರಡೂ ಇನಿಂಗ್ಸ್ ಕೂಡಿದರೂ 699. ಹೋಳ್ಕರ್ ಮೊತ್ತಕ್ಕೆ ಇನ್ನೂ 213 ಕಡಿಮೆ. ಹೋಳ್ಕರ್ ಫೈನಲ್‌ನಲ್ಲಿ ಬರೋಡವನ್ನೂ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಗೆದ್ದಿತು.

1936ರ ಬೇಸಿಗೆಯ ನಂತರ ಹತ್ತು ವರ್ಷ ಭಾರತ ಒಂದೂ ಟೆಸ್ಟ್ ಆಡಿರಲಿಲ್ಲ. 1946ರಲ್ಲಿ ತಂಡ ಇಂಗ್ಲೆಂಡಿಗೆ ಹೊರಟಾಗ ಸಿ.ಎಸ್. ನಾಯುಡು, ಸದಾಶಿವ ಶಿಂಧೆ, ಚಂದು ಸರ್ವಟೆ ಸ್ಪಿನ್ ವಿಭಾಗದಲ್ಲಿದ್ದರು. ಇಪ್ಪತ್ತೊಂಬತ್ತರ ಗರುಡಾಚಾರ್ ಇಲ್ಲೇ ಉಳಿದರು.