ಒಂಟಿಹಳಿಯ ಸರದಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಬ್ಬಳ್ಳಿಯಿಂದ ಹೊರಟು, ಈ ಮೂರು ಊರುಗಳನ್ನು ಪೋಣಿಸಿ, ತುಂಗಭದ್ರೆಯನ್ನು ದಾಟಿ ಹರಿಹರವನ್ನು ಮುಟ್ಟುವಂತೆ ಹಾಸಿದ ಮೀಟರ್‌ಗೇಜ್ ಹಾದಿಯು ಒಂಟಿಹಳಿಯದಾಗಿದ್ದಿತು. ಎರಡು ದಿಕ್ಕುಗಳಿಂದಲೂ ಬರುವ ಗಾಡಿಗಳಿಗೆ ಹಾದಿ ಒಂದೇ. ಅದನ್ನು ಯಾರಿಗೆ, ಯಾವಾಗ ಬಿಟ್ಟುಕೊಡಬೇಕೆಂಬುದನ್ನು ನಿರ್ಣಯಿಸುವುದೇ ಸ್ಟೇಷನ್ ಮಾಸ್ತರರ ನಿತ್ಯಕರ್ಮ. ಒಂದೇ ಪ್ರೊಸೆಸರನ್ನು ನೂರಾರು ಕಾರ್ಯಗಳಿಗೆ ಹಂಚಬೇಕಾದ ಗಣಕಯಂತ್ರದ ಆಪರೇಟಿಂಗ್ ಸಿಸ್ಟಮ್ಮಿನ ಚಿಂತೆಯೂ ಇದೇ. ಆ ಯಂತ್ರವು ಹುಟ್ಟುವುದಕ್ಕೆ ಮುಂಚೆಯೇ ಈ ವಿದ್ಯೆಯ ಬಹುಭಾಗವು ಒಂಟಿಹಳಿಯ ರೈಲ್ವೆಯಲ್ಲಿ ಸಿದ್ಧಿಸಿದ್ದಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂತಹ ಹಾದಿಗಳಲ್ಲಿ ಎರಡು ನಿಲ್ದಾಣಗಳ ನಡುವಣ ಹಳಿಗೆ ಟೋಕನ್ನೇ ಅಪ್ಪಣೆಚೀಟಿ. ಲೋಹದ ಆ ಚೆಂಡು ಒಂದು ನಿಲ್ದಾಣದ ಯಂತ್ರದಿಂದ ಹೊರಬಿದ್ದಿತೆಂದರೆ, ಅದು ಮತ್ತೆ ಯಂತ್ರದೊಳಕ್ಕೆ ಸೇರುವವರೆಗೆ ಎರಡು ತುದಿಗಳಲ್ಲಿಯೂ ಇನ್ನೊಂದು ಟೋಕನ್ ಹೊರಬರದಂತೆ ವಿದ್ಯುತ್ತು ತಡೆಹಿಡಿಯುತ್ತಿದ್ದಿತು. ಬೆತ್ತದ ದೊಡ್ಡ ಬಳೆಗೆ ಬಿಗಿದ ಚೀಲದಲ್ಲಿ ಅದನ್ನಿರಿಸಿ ಪ್ಲಾಟ್‌ಫಾರಂನ ಅಂಚಿನಲ್ಲಿ ಎತ್ತಿ ಹಿಡಿದರೆ, ನಿಲ್ಲದೆ ಸಾಗುವ ಎಂಜಿನ್ನಿನಿಂದ ಬಾಗಿದವನು ಬಳೆಯೊಳಕ್ಕೆ ತೋಳನ್ನು ತೂರಿಸಿ ಸೆಳೆದುಕೊಂಡು, ಹಿಂದಿನ ಹಾದಿಯ ಬಳೆಯನ್ನು ಕೆಳಕ್ಕೆಸೆದು ಹೋಗುವನು. ಒಂದೇ ಸಾಧನದ ಮೇಲೆ ಎರಡು ಕಾರ್ಯಗಳು ಏಕಕಾಲಕ್ಕೆ ಕೈಹಾಕದಂತೆ ತಡೆಯುವ ಉಪಾಯವನ್ನು 1960ರ ದಶಕದಲ್ಲಿ ರೂಪಿಸಿದ ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ, ರೈಲ್ವೆಯ ಕೈಮರದ ಹೆಸರಿನಿಂದಲೇ ಅದನ್ನು ಸೆಮಫೋರ್ ಎಂದು ಕರೆದರು.

ಇನ್ನು ಸರದಿಯ ನ್ಯಾಯ. ಸರಕುಗಾಡಿಯಲ್ಲಿರುವುದು ಬ್ಯಾಡಗಿಯ ಮೆಣಸಿನಕಾಯಿಯಾಗಲಿ, ರಾಣೆಬೆನ್ನೂರಿನ ಹತ್ತಿಯಾಗಲಿ, ಮೇಲ್ ಗಾಡಿ ದಾಟುವವರೆಗೆ ಅದು ದೇವರಗುಡ್ಡದಂತಹ ಸಣ್ಣ ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯತಕ್ಕದ್ದೇ. ಆದರೆ ಮೇಲಿಂದ ಮೇಲೆ ಮೇಲಿನ ದರ್ಜೆಯ ಗಾಡಿಗಳೇ ಬರುತ್ತಿದ್ದರೆ ಬಡ ಸರಕುಗಾಡಿಯ ಗತಿಯೇನು? ಗಣಕಶಾಸ್ತ್ರವು ಈ ದುರವಸ್ಥೆಯನ್ನು ಉಪವಾಸವೆಂದೇ ಗಣಿಸಿ, ಕಾದಷ್ಟೂ ಕಾರ್ಯದ ದರ್ಜೆಯನ್ನು ಏರಿಸುವ ಪರಿಹಾರವನ್ನು ವಿಧಿಸಿದೆ. ಅದು ನನಗೆ ಆ ಶಾಸ್ತ್ರದ ಅತ್ಯಂತ ಮಾನವೀಯವಾದ ನಿಯಮವಾಗಿ ಕಾಣುತ್ತದೆ.

ಒಂದು ಭೇದವನ್ನು ಮರೆಯಲಾಗದು. ಹಾವೇರಿ ಬಿಟ್ಟ ಗಾಡಿಯನ್ನು ನಡುದಾರಿಯಲ್ಲಿ ಎತ್ತಿಟ್ಟು ಇನ್ನೊಂದಕ್ಕೆ ಹಳಿ ಕೊಡುವುದು ಅಸಾಧ್ಯ. ಗಣಕದಲ್ಲಾದರೋ, ನಡೆಯುತ್ತಿರುವ ಕಾರ್ಯವನ್ನು ಅದು ನಿಂತ ಗುರುತಿನೊಡನೆ ಬದಿಗಿರಿಸಿ ಮತ್ತೊಂದನ್ನು ನಡೆಸಬಹುದು. ಈ ಸೌಲಭ್ಯವನ್ನೇ ಹಿಡಿದು 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರದ ವೇಳೆಯನ್ನು ಚೂರುಚೂರಾಗಿ ಹಲವರಿಗೆ ಹಂಚಿ ತೋರಿಸಿದರು. ದೀರ್ಘಕಾಲ ಬೇಡುವ ಕೆಲಸವು ಅವರ ಏರ್ಪಾಟಿನಲ್ಲಿ ಕೆಳಗಿನ ಸಾಲಿಗೆ ಇಳಿಯುತ್ತಿದ್ದಿತು.

1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿತು. ಕೈಮರಗಳು ದೀಪಗಳಿಗೆ ಎಡೆಗೊಟ್ಟವು. ಈಚೆಗೆ ಜೋಡಿಹಳಿಯೂ ಬಂದಿದೆ. ಹಾವೇರಿ, ರಾಣೆಬೆನ್ನೂರುಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗಣಕಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರು, ಪಠ್ಯವನ್ನು ಆರಂಭಿಸುವ ಮುನ್ನ ವಿದ್ಯಾರ್ಥಿಗಳನ್ನು ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಕರೆದೊಯ್ಯಬೇಕೆಂದು ಪ್ರಾರ್ಥಿಸುತ್ತೇನೆ.