ಬಟ್ಟೆಗೊಂದು ಬೆಲೆ, ಹೆಸರಿಗೊಂದು ಬೆಲೆ

ಕಳೆದ ದೀಪಾವಳಿಗೆ ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಬರುವಾಗ ನನ್ನ ಮನೆಯವರಿಗೆಂದು ಒಂದು ಸೀರೆಯನ್ನು ತಂದಿದ್ದಳು. ಅರಿಶಿನ ಬಣ್ಣದ ಒಡಲು, ಅದರ ತುಂಬ ಚೌಕಳಿ, ಎರಡೂ ಬದಿಗೆ ಕೆಂಪು ಅಂಚು. ಮುಟ್ಟಿದರೆ ದಪ್ಪವೆನಿಸುವ ಹತ್ತಿಯ ಸೀರೆ. ಅದರೊಂದಿಗಿದ್ದ ಚೀಟಿಯಲ್ಲಿ 'ಪಟ್ಟೇದ ಅಂಚು' ಎಂಬ ಹೆಸರೂ, ಇದು ಉತ್ತರ ಕರ್ನಾಟಕದ ಪ್ರಾಚೀನ ನೇಯ್ಗೆಯೆಂಬ ವಿವರಣೆಯೂ ಇದ್ದವು. ಬೆಲೆಯ ಚೀಟಿಯನ್ನು ಆಕೆ ತೆಗೆದುಹಾಕಿದ್ದಳಾದರೂ, ಅದು ಕೆಲವು ಸಾವಿರ ರೂಪಾಯಿಗಳದೆಂಬುದು ಮಾತಿನ ನಡುವೆ ತಿಳಿಯಿತು. ನನ್ನ ಮನೆಯವರು ಸೀರೆಯನ್ನು ಬಿಡಿಸಿ, ಮಗುಚಿ ನೋಡಿ, ನಕ್ಕುಬಿಟ್ಟರು. "ಅಯ್ಯ ತಂಗಿ, ನಮ್ಮವ್ವ ಇಂಥಾ ಸೀರಿ ಉಟಗೊಂಡು ಹೊಲಕ್ಕ ಕಳೆ ತಗ್ಯಾಕ ಹೋಗ್ತಿದ್ಲು!"

ಅವರ ತವರು ಮುಂಡರಗಿಯ ಕಡೆಯದು. ಅವರ ತಾಯಿಗೆ ಆ ಸೀರೆ ದುಡಿಮೆಯ ಉಡುಗೆಯಾಗಿತ್ತು. ಬಿಸಿಲಿಗೂ ಜಾಲಿಯ ಮುಳ್ಳಿಗೂ ಜಗ್ಗದ ಗಟ್ಟಿ ನೂಲು. ಎರಡೂ ಮಗ್ಗುಲು ಒಂದೇ ತೆರನಾಗಿದ್ದುದರಿಂದ ಒಂದು ಮಗ್ಗುಲು ಮಾಸಿದರೆ ಇನ್ನೊಂದನ್ನು ಹೊರಗೆ ಮಾಡಿ ಉಡಬಹುದಿತ್ತು. ಸವದತ್ತಿಯ ಎಲ್ಲಮ್ಮನಿಗೆ ಈ ಬಗೆಯ ಸೀರೆಯನ್ನು ಒಪ್ಪಿಸುವ ರೂಢಿಯೂ ಇತ್ತು. ಗಜೇಂದ್ರಗಡದ ಸುತ್ತಿನ ಮಗ್ಗಗಳಲ್ಲಿ ಇಳಿಯುತ್ತಿದ್ದ ಈ ಸೀರೆ ಕೊಳ್ಳುವವರಿಲ್ಲದೆ ಮರೆಯಾಗುತ್ತ ಬಂದಿತು. 2010ರ ದಶಕದಲ್ಲಿ ಹೇಮಲತಾ ಜೈನ್ ಎಂಬ ವಸ್ತ್ರ ಸಂಶೋಧಕಿ ಇದನ್ನು ಮತ್ತೆ ಮಗ್ಗಕ್ಕೇರಿಸಿದರು. ಅಂದಿನ ಒರಟುತನವೇ ಇಂದು ಸೊಗಸೆನಿಸಿತು. ಅದೇ ಚೌಕಳಿ, ಅದೇ ಅಂಚು. ಆದರೆ ಉಡುವವರು ಬೇರೆ, ನೋಡುವ ಕಣ್ಣು ಬೇರೆ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಬಟ್ಟೆಯ ಬೆಲೆಯನ್ನು ನಿರ್ಧರಿಸುವುದು ನೂಲೋ, ದುಡಿಮೆಯೋ, ಹೆಸರೋ? ಇತಿಹಾಸದ ಮಾಸ್ತರನಾದ ನನಗೆ ಉತ್ತರಕ್ಕಾಗಿ ಹಿಂದಕ್ಕೆ ಹೋಗುವುದೇ ಅಭ್ಯಾಸ. ಹೋದರೆ, ಹೆಸರಿನ ಈ ಆಟ ನಮ್ಮ ಎರೆಸೀಮೆಗೆ ಹೊಸದೇನಲ್ಲವೆಂಬುದು ಕಂಡಿತು.

ಮೊದಲು ಹತ್ತಿಯನ್ನೇ ನೋಡಿರಿ. ಹಳೆಯ ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಬೆಳೆದ ನಾಡಹತ್ತಿಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗೇರಿ ಮುಂಬಯಿ ಸೇರುತ್ತಿತ್ತು. ಮುಂಬಯಿಯ ವ್ಯಾಪಾರಸ್ಥರು ಅದಕ್ಕೆ ಇಟ್ಟ ಹೆಸರು 'ಕುಮಟಾ ಹತ್ತಿ'! ಬಿತ್ತಿದ್ದು ಗದಗಿನ ರೈತ, ಬಿಡಿಸಿದ್ದು ಮುಂಡರಗಿಯ ಕೂಲಿಯ ಹೆಣ್ಣುಮಗಳು, ಹೆಸರು ಪಡೆದದ್ದು ಹತ್ತಿಯನ್ನೇ ಬೆಳೆಯದ ಕಡಲತೀರದ ಊರು. 1880ರ ದಶಕದಲ್ಲಿ ಗದಗಿಗೆ ರೈಲು ಬಂದು ಬಂದರಿನ ವ್ಯಾಪಾರ ಇಳಿಮುಖವಾದರೂ ಪೇಟೆಯಲ್ಲಿ ಆ ಹೆಸರು ಅಳಿಯಲಿಲ್ಲ.

ಇನ್ನೊಂದು ಹೆಸರು 'ಧಾರವಾಡ-ಅಮೆರಿಕನ್'. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಇಲ್ಲಿ ಬಿತ್ತಿಸಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಅದಕ್ಕಾಗಿ ಪ್ರಯೋಗದ ಹೊಲವಿತ್ತು. ಬೇರೆಡೆ ಸೋತ ಆ ತಳಿ ನಮ್ಮ ಮಣ್ಣಿಗೆ ಒಗ್ಗಿತು. ಗರಗಸದ ಹಲ್ಲಿನ ಯಂತ್ರದಲ್ಲಿ ಬೀಜ ಬೇರ್ಪಡಿಸಿದ ಈ ಅರಳೆಗೆ ಒಳ್ಳೆಯ ಹೆಸರು ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಶೈರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾಯಿತು. ಇಲ್ಲಿ ಹತ್ತಿಯ ದರ ಗಗನಕ್ಕೇರಿತು. ದರ ಏರಿದೊಡನೆ ಕಲಬೆರಕೆಯೂ ಏರಿತು. ಅಮೆರಿಕನ್ ಅರಳೆಯಲ್ಲಿ ನಾಡಹತ್ತಿ ಬೆರೆಯಿತು. ತೂಕ ಹೆಚ್ಚಲೆಂದು ನೀರು, ಕಸ, ಬೀಜಗಳೂ ಸೇರಿದವು. ಕೊನೆಗೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಕಲಬೆರಕೆಯನ್ನು ತಡೆಯಲೆಂದೇ ಒಂದು ಕಾಯಿದೆ ತಂದಿತು. ಗಳಿಸಲು ಇಪ್ಪತ್ತು ವರ್ಷ ಹಿಡಿದ ಹೆಸರು ಎರಡು ಸುಗ್ಗಿಗಳಲ್ಲಿ ಕೆಡಬಹುದೆಂಬುದನ್ನು ಆ ಕಾಲ ತೋರಿಸಿಕೊಟ್ಟಿತು. ಹೆಸರೆಂದರೆ ಬರಿಯ ಅಲಂಕಾರವಲ್ಲ, ಕಣ್ಣಿಗೆ ಕಾಣದವನ ಮೇಲೆ ಕೊಳ್ಳುವವನು ಇಡುವ ನಂಬಿಕೆ. ಇದನ್ನು ಮರೆತು ಹೆಸರನ್ನು ಬರಿದೇ ಹಳಿಯುವುದೂ ಸರಿಯಲ್ಲ.

ಹೆಸರಿನಿಂದ ಬಟ್ಟೆಯ ಮಾನವೇ ತಲೆಕೆಳಗಾದ ಉದಾಹರಣೆ ಖಾದಿಯದು. ನಯವಾದ ಗಿರಣಿ ಬಟ್ಟೆ ಸಿಗುತ್ತಿದ್ದ ಕಾಲದಲ್ಲಿ, ಅದಕ್ಕಿಂತ ದುಬಾರಿಯೂ ಒರಟೂ ಆದ ಬಟ್ಟೆಯನ್ನು ವಕೀಲರು, ವೈದ್ಯರು, ಶ್ರೀಮಂತರ ಮಕ್ಕಳು ಅಭಿಮಾನದಿಂದ ತೊಟ್ಟರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಸದಸ್ಯತ್ವಕ್ಕೆ ಹಣದ ಬದಲು ನೂಲನ್ನು ಕೊಡುವ ನಿಯಮ ಅಂಗೀಕಾರವಾಯಿತು. ಮರುವರ್ಷ ಹುಟ್ಟಿದ ಅಖಿಲ ಭಾರತ ಚರಕಾ ಸಂಘವು ಅಪ್ಪಟ ಖಾದಿಯ ಅಂಗಡಿಗಳಿಗೆ ಪ್ರಮಾಣಪತ್ರ ಕೊಡುತ್ತಿತ್ತು. ಅಲ್ಲಿ ಹೆಸರಿನ ಹಿಂದೆ ನೂಲುವವಳ ಕೂಲಿಯ ಲೆಕ್ಕವೂ ಇತ್ತು. ಅದೇ ಅದರ ಹಿರಿಮೆ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಕಣ್ಣು ಮತ್ತೆ ಹೊರಳಿತು. ನಾನು ನೌಕರಿಗೆ ಸೇರಿದ 1970ರ ದಶಕದ ಆರಂಭ ಟೆರಿಲಿನ್ನಿನ ಕಾಲ. ಲಕ್ಷ್ಮೇಶ್ವರದ ಬಟ್ಟೆಯಂಗಡಿಯಲ್ಲಿ ಥಾನು ಬಿಚ್ಚಿದರೆ ಅಂಗಡಿಯವರು ಮೊದಲು ತೋರಿಸುತ್ತಿದ್ದುದು ಅಂಚಿನ ಮೇಲೆ ಅಚ್ಚಾದ ಗಿರಣಿಯ ಹೆಸರನ್ನು. ಮೊದಲ ಪಗಾರದಲ್ಲಿ ನಾನೂ ಅಂಥದೊಂದು ಅಂಗಿಯನ್ನು ಹೊಲಿಸಿದೆ. ಬೇಸಗೆಯಲ್ಲಿ ಮೈ ಬೆವರಿ ಬೇಯುತ್ತಿತ್ತು. ಆದರೂ ಇಸ್ತ್ರಿ ಬೇಡದ ಆ ಅಂಗಿ ತೊಟ್ಟಾಗ ನಡಿಗೆಯೇ ಬದಲಾಗುತ್ತಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕು. ಗದಗಿನಲ್ಲಿ ನಾನು ಪಾಠ ಹೇಳುತ್ತಿದ್ದಾಗ, 1974ರಲ್ಲಿ, ಹತ್ತನೆಯ ತರಗತಿಯ ಭಾವಚಿತ್ರ ತೆಗೆಸುವ ದಿನ "ಛಲೋ ಅಂಗಿ ಹಾಕ್ಕೊಂಡವರು ಮುಂದ ಬರ್ರಿ" ಎಂದು ಕೂಗಿದೆ. ಎತ್ತರದಲ್ಲಿ ಗಿಡ್ಡನಾಗಿದ್ದು ಮುಂದೆಯೇ ನಿಲ್ಲಬೇಕಾಗಿದ್ದ ಹುಡುಗನೊಬ್ಬ ಮಾತಿಲ್ಲದೆ ಹಿಂದಿನ ಸಾಲಿಗೆ ಹೋದ. ಬೆಟಗೇರಿಯ ನೇಕಾರರ ಮನೆಯ ಹುಡುಗ. ತಂದೆ ನೇಯ್ದ ಬಟ್ಟೆಯ ಅಂಗಿಯನ್ನು ತೊಟ್ಟಿದ್ದ. ಅಚ್ಚಿನಲ್ಲಿ ಅವನ ಹಣೆ, ಕಣ್ಣು ಮಾತ್ರ ಕಾಣುತ್ತವೆ. ಸ್ವದೇಶಿ ಚಳವಳಿಯ ಪಾಠವನ್ನು ಅದೇ ತರಗತಿಗೆ ಹೇಳಿದವನು ನಾನೇ.

1884ರ ಧಾರವಾಡ ಗ್ಯಾಝೆಟಿಯರಿನಲ್ಲಿ ಹತ್ತಿ ಮತ್ತು ರೇಷ್ಮೆಯ ನೇಯ್ಗೆಗೆ ಹೆಸರಾಗಿದ್ದ ಊರುಗಳು ಗದಗ-ಬೆಟಗೇರಿ. ನಾನು ಬೆಟಗೇರಿಯ ಓಣಿಗಳಲ್ಲಿ ಪಾಲಕರನ್ನು ಕಾಣಲು ಹೋಗುತ್ತಿದ್ದಾಗ ಮನೆಮನೆಯಿಂದ ಲಾಳಿಯ ಸಪ್ಪಳ ಕೇಳುತ್ತಿತ್ತು. ಅಲ್ಲಿ ಇಳಿದ ಸೀರೆಗಳು ಪರಊರಿನ ಅಂಗಡಿಯಲ್ಲಿ 'ಇಳಕಲ್' ಎಂದು ಮಾರಾಟವಾಗುವುದನ್ನು ಕಂಡಿದ್ದೇನೆ. ಇಳಕಲ್ಲಿನ ನೇಕಾರರದೂ ಅದೇ ಗೋಳು: ವಿದ್ಯುತ್ ಮಗ್ಗದಲ್ಲಿ ಕೃತಕ ನೂಲಿನಿಂದ ತಯಾರಾದ ಸೀರೆಯೂ ಅವರ ಊರ ಹೆಸರನ್ನೇ ಹೊತ್ತು ಅಗ್ಗಕ್ಕೆ ಹೋಗುತ್ತದೆ. ಅಪ್ಪಟ ಇಳಕಲ್ಲಿನಲ್ಲಿ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ತಾಳ್ಮೆಯ ಕೆಲಸಕ್ಕೆ ಬೆಲೆ ಕಟ್ಟುವವರು, ಕೊಂಡಿ ಇರುವ ಸೀರೆಯನ್ನೂ ಇಲ್ಲದ ಸೀರೆಯನ್ನೂ ಬೇರ್ಪಡಿಸಿ ನೋಡಲಾರದವರು!

ಈ ಅನ್ಯಾಯವನ್ನು ತಡೆಯಲು ಕಾನೂನುಗಳು ಬಂದಿವೆ. 1999ರಲ್ಲಿ ಅಂಗೀಕಾರವಾದ ಭೌಗೋಳಿಕ ಸೂಚಕಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದಿತು. ಇಳಕಲ್ ಸೀರೆ ಆ ಮನ್ನಣೆಯನ್ನು ಪಡೆಯಿತು. 2006ರಲ್ಲಿ ಕೈಮಗ್ಗದ ಮುದ್ರೆ, 2015ರ ಆಗಸ್ಟ್ 7ರಂದು 'ಇಂಡಿಯಾ ಹ್ಯಾಂಡ್‌ಲೂಮ್' ಎಂಬ ಗುರುತು ಬಂದವು. ಒಳ್ಳೆಯ ಕ್ರಮಗಳೇ. ಆದರೆ ಹೆಸರಿಗೆ ಬಂದ ಬೆಲೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನ ಪಾಲೆಷ್ಟು ಎಂಬ ಪ್ರಶ್ನೆಗೆ ಮುದ್ರೆಯೊಂದೇ ಉತ್ತರವಾಗಲಾರದು. ಕುಮಟಾ ಹತ್ತಿಯ ಕಾಲದಲ್ಲಿ ಹೆಸರು ಬಂದರಿನದಾಗಿತ್ತು. ಇಂದು ಅದು ನಗರದ ಅಂಗಡಿಯದಾಗಬಹುದು. ಹೆಸರು ದುಡಿದವರ ಕೈಯಲ್ಲಿ ಉಳಿದಾಗ ಮಾತ್ರ ಅದರ ಲಾಭವೂ ಅವರ ಮನೆಗೆ ಹೋದೀತು.

ಶಿರಹಟ್ಟಿ, ಮುಂಡರಗಿಗಳ ನಡುವೆ ಕಪ್ಪತಗುಡ್ಡದ ಮಗ್ಗುಲಲ್ಲಿ ಕುರಿ ಕಾಯುವವರು ಹೊದ್ದ ಕರಿಕಂಬಳಿಯನ್ನು ಪೇಟೆಯ ಜನ ಹಳ್ಳಿಗನ ಗುರುತೆಂದು ನಗುತ್ತಾರೆ. ಅದೇ ಕಂಬಳಿಯನ್ನು ಮದುವೆ ಮನೆಯಲ್ಲಿ ಮಡಿಯೆಂದು ಹಾಸಿ, ಕೈಮುಗಿದು ಕೂಡುತ್ತಾರೆ. ಹೀಗಿರುತ್ತದೆ ನಮ್ಮ ನೋಟ. ಅದು ಬದಲಾಗಬಲ್ಲದು ಎಂಬುದಕ್ಕೆ ನನ್ನ ಶಿಷ್ಯೆ ತಂದ ಸೀರೆಯೇ ಸಾಕ್ಷಿ. ನನ್ನ ಮನೆಯವರು ನಕ್ಕರೂ ಸಂಕ್ರಾಂತಿಯ ದಿನ ಅದನ್ನೇ ಉಟ್ಟರು, "ಅವ್ವನ ಹಂಗ ಕಾಣ್ತೀನೇನ್ರೀ?" ಎಂದು ಕೇಳಿದರು.

ವಿದ್ಯಾರ್ಥಿ ಮಿತ್ರರೇ, ನೀವೀಗ ಗಳಿಸುವವರಾಗಿದ್ದೀರಿ. ಕೈಮಗ್ಗದ ಬಟ್ಟೆಯನ್ನು ಕೊಳ್ಳುವಾಗ ಯಾವ ಊರಿನದು, ನೇಯ್ದವರು ಯಾರು, ಅವರಿಗೆ ಸಂದ ಕೂಲಿಯೆಷ್ಟು ಎಂದು ಸಂಕೋಚವಿಲ್ಲದೆ ಕೇಳಿರಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೂ ಕೇಳಿರಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಉತ್ತರ ಸಿದ್ಧವಾಗುತ್ತದೆ. 1974ರ ಆ ಭಾವಚಿತ್ರ ನನ್ನ ಮೇಜಿನ ಖಾನೆಯಲ್ಲಿದೆ. ಆ ಅಂಗಿಯನ್ನು ನೇಯಲು ನಿನ್ನ ತಂದೆಗೆ ಎಷ್ಟು ದಿನ ಹಿಡಿಯಿತಪ್ಪಾ ಎಂದು ನಾನು ಅಂದು ಕೇಳಲಿಲ್ಲ.